ಮನೆವಾರ್ತೆಯ ಪ್ರಶ್ನೆಗಳು ಮತ್ತು ಗೆಳತಿಯ ಉತ್ತರ: ಶಿಷ್ಟಾಚಾರದ ಭಾಷಿಕ ನೆಲೆ

ಕನ್ನಡ ಜಾನಪದ ಅಧ್ಯಯನಗಳಲ್ಲಿ ಮನೆಯೊಳಗಣ ನಡಾವಳಿಗಳು ಬಹುಮಟ್ಟಿಗೆ ‘ನಂಬಿಕೆಗಳು’, ‘ಆಚರಣೆಗಳು’ ಎಂಬ ತಲೆಬರಹಗಳ ಅಡಿಯಲ್ಲಿ ಸಂಗ್ರಹಗೊಂಡಿವೆ. ದೀಪ ಹಚ್ಚಿದ ಮೇಲೆ ಉಪ್ಪು ಕೊಡಬಾರದು, ನೆರೆಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು, ಹೊರಡುವಾಗ ‘ಹೋಗುತ್ತೇನೆ’ ಎನ್ನಬಾರದು ಎಂಬಂತೆ ಒಂದೊಂದೂ ಒಂದು ವಾಕ್ಯದ ವಿಧಿಯಾಗಿ ದಾಖಲೆಯನ್ನು ಸೇರುತ್ತದೆ. ಆದರೆ ಯಾರೋ ಒಬ್ಬರಿಗೆ ಇದು ತಿಳಿದಿರಲಿಲ್ಲ, ಅವರು ಮತ್ತೊಬ್ಬರನ್ನು ಕೇಳಿದರು, ಮತ್ತೊಬ್ಬರು ತಮಗೆ ತಿಳಿದಂತೆ ಹೇಳಿದರು ಎಂಬ ಸಂದರ್ಭ ಈ ದಾಖಲೆಯಲ್ಲಿ ಉಳಿಯುವುದಿಲ್ಲ. ವಿಧಿ ಉಳಿಯುತ್ತದೆ, ಪ್ರಶ್ನೆ ಕಳೆದುಹೋಗುತ್ತದೆ. ಮನೆವಾರ್ತೆಯ ದಿನನಿತ್ಯದ ಪ್ರಶ್ನೆಗಳಿಗೆ ಓರಗೆಯವರು, ಅದರಲ್ಲಿಯೂ ಗೆಳತಿಯರು, ಕೊಡುವ ಉತ್ತರಗಳ ಭಾಷಿಕ ಸ್ವರೂಪವನ್ನು ಗಮನಿಸುವುದು ಪ್ರಸ್ತುತ ಲೇಖನದ ಉದ್ದೇಶ. ಶಿಷ್ಟಾಚಾರವು ಹಿರಿಯರಿಂದ ಕಿರಿಯರಿಗೆ ಇಳಿದುಬರುವ ಸಿದ್ಧವಸ್ತು ಎಂಬ ಸಾಮಾನ್ಯ ಗ್ರಹಿಕೆಯನ್ನು ಈ ಉತ್ತರಗಳು ಮರುಪರಿಶೀಲನೆಗೆ ಒಡ್ಡುತ್ತವೆ.

ಲಿಖಿತ ಪರಂಪರೆಯಲ್ಲಿ ಗೃಹಕೃತ್ಯದ ತಿಳಿವಳಿಕೆ ಏಕಮುಖವಾದುದು. ಸುಮಾರು 1025ರ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರಂ’ ಅಡುಗೆ, ಸುಗಂಧದ್ರವ್ಯ, ಮನೆಕಟ್ಟುವ ಬಗೆ, ಜಲಶೋಧನೆಗಳನ್ನು ಒಳಗೊಂಡ ಗ್ರಂಥ. 16ನೆಯ ಶತಮಾನದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಪಾಕವಿಧಿಯನ್ನು ಪದ್ಯದಲ್ಲಿ ಹೇಳುತ್ತದೆ. ಇವುಗಳಲ್ಲಿ ಹೇಳುವವನಿದ್ದಾನೆ, ಕೇಳುವವಳ ದನಿ ಇಲ್ಲ. ಚಿಕ್ಕದೇವರಾಜ ಒಡೆಯರ (1673–1704) ಆಸ್ಥಾನದಲ್ಲಿ ತಾಂಬೂಲದ ಸಂಚಿಯನ್ನು ಹಿಡಿಯುವ ಕಾಯಕದಲ್ಲಿದ್ದ ಹೊನ್ನಮ್ಮನ ‘ಹದಿಬದೆಯ ಧರ್ಮ’ದಲ್ಲಿ ಮಾತ್ರ ಹೇಳುವ ದನಿ ಹೆಣ್ಣಿನದಾಗುತ್ತದೆ, ಹೆಣ್ಣನ್ನು ಹೀನಾಯವಾಗಿ ಕಾಣುವುದರ ವಿರುದ್ಧದ ಅಸಮಾಧಾನವೂ ಅಲ್ಲಿ ಬಾಯಿಬಿಡುತ್ತದೆ. ಆದರೂ ಕೃತಿಯ ಒಟ್ಟು ಚೌಕಟ್ಟು ಉಪದೇಶದ್ದೇ. ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನ ಅವರ ‘ವಧುವಿಗೆ ಕಿವಿಮಾತು’, ‘ಕೇಳು ಕಿಶೋರಿ’ ಕೃತಿಗಳ ಶೀರ್ಷಿಕೆಗಳನ್ನೇ ನೋಡಿದರೆ 20ನೆಯ ಶತಮಾನಕ್ಕೆ ಬರುವ ವೇಳೆಗೆ ಉಪದೇಶವು ಗೆಳತನದ ದನಿಯನ್ನು ಎರವಲು ಪಡೆಯಲು ಯತ್ನಿಸಿರುವುದು ಕಾಣುತ್ತದೆ. ‘ಕಿವಿಮಾತು’ ಎಂದರೆ ಹತ್ತಿರ ಕುಳಿತು ಹೇಳುವ ಮಾತು. ಅದನ್ನು ಗಟ್ಟಿಯಾಗಿ ಹೇಳಲಾಗದು. ಮುದ್ರಿತ ಪುಸ್ತಕವು ತನ್ನನ್ನು ಕಿವಿಮಾತು ಎಂದು ಕರೆದುಕೊಳ್ಳಬೇಕಾದ ಅಗತ್ಯವೇ ಅಂತಹ ಮಾತಿಗಿದ್ದ ಬೆಲೆಯನ್ನು ಸೂಚಿಸುತ್ತದೆ.

ಹಳಗನ್ನಡದಲ್ಲಿ ‘ಕೆಳೆ’ ಎಂದರೆ ಸ್ನೇಹ. ‘ಕೆಳೆಯ’, ‘ಕೆಳದಿ’ ಎಂಬ ರೂಪಗಳೇ ಮುಂದೆ ‘ಗೆಳೆಯ’, ‘ಗೆಳತಿ’ ಆಗಿವೆ. ಕನ್ನಡ ಕಾವ್ಯದಲ್ಲಿ ಕೆಳದಿಯರ ಪಾತ್ರವನ್ನು ವಿರಹ, ಸಂದೇಶ, ಸಾಂತ್ವನಗಳಿಗೆ ಸೀಮಿತಗೊಳಿಸಿ ಓದುವ ರೂಢಿ ನಮ್ಮಲ್ಲಿದೆ. ಹೆಪ್ಪು ಹಾಕುವ, ಮುಯ್ಯಿ ಎಣಿಸುವ, ಸಾವಿನ ಮನೆಗೆ ಹೋಗಿ ಬರುವ ಸಂಗತಿಗಳಲ್ಲಿ ದಾರಿ ತೋರುವ ಗೆಳತಿ ಸಾಹಿತ್ಯ ವಿಮರ್ಶೆಯ ಕಣ್ಣಿಗೆ ಅಷ್ಟಾಗಿ ಬಿದ್ದಿಲ್ಲ.

ಇಂತಹ ಪ್ರಶ್ನೆಗಳನ್ನು ಹಿರಿಯರನ್ನೇ ಏಕೆ ಕೇಳುವುದಿಲ್ಲ? ಕೇಳುವ ಕ್ರಿಯೆಯೇ ಶಿಷ್ಟಾಚಾರದ ಕಟ್ಟಿಗೆ ಒಳಪಟ್ಟಿರುವುದು ಇದಕ್ಕೆ ಕಾರಣ. ಹೊಸದಾಗಿ ಮನೆ ಸೇರಿದ ಸೊಸೆ ಅತ್ತೆಯನ್ನು ‘ಇದನ್ನು ಹೇಗೆ ಮಾಡಬೇಕು’ ಎಂದು ಕೇಳಿದರೆ ಅದು ಕೇವಲ ಮಾಹಿತಿಯ ಕೋರಿಕೆಯಾಗಿ ಉಳಿಯುವುದಿಲ್ಲ, ‘ತೌರಿನಲ್ಲಿ ಕಲಿಸಲಿಲ್ಲವೇ’ ಎಂಬ ಮಾತಿಗೆ ಎಡೆಮಾಡುತ್ತದೆ. ತಾಯಿಯನ್ನು ಕೇಳಿದರೆ ತೌರಿನ ಪದ್ಧತಿ ತಿಳಿಯುತ್ತದೆಯೇ ಹೊರತು ಸೇರಿದ ಮನೆಯದಲ್ಲ. ತಿಳಿಯದು ಎಂದು ಒಪ್ಪಿಕೊಂಡೂ ಮಾನ ಕಳೆದುಕೊಳ್ಳದಿರುವ ಸ್ಥಳ ಗೆಳತಿಯ ಸನ್ನಿಧಿ ಮಾತ್ರ. ಗಂಡಸರ ನಡುವೆಯೂ ಇಂತಹ ಕೇಳಾಟವಿದೆಯಾದರೂ ಅಡುಗೆಮನೆ, ಹೊಸ್ತಿಲು, ಜಗಲಿಗಳ ಶಿಷ್ಟಾಚಾರದ ಹೊಣೆಯನ್ನು ಸಮಾಜವು ಹೆಣ್ಣಿನ ಮೇಲೆಯೇ ಹೊರಿಸಿರುವುದರಿಂದ ಇಲ್ಲಿನ ಚರ್ಚೆ ಸಹಜವಾಗಿಯೇ ಗೆಳತಿಯರ ಮಾತಿನ ಸುತ್ತ ನಿಲ್ಲುತ್ತದೆ.

ಹಿರಿಯರ ವಿಧಿವಾಕ್ಯಕ್ಕೂ ಗೆಳತಿಯ ಉತ್ತರಕ್ಕೂ ಇರುವ ಅಂತರ ವ್ಯಾಕರಣದಲ್ಲಿಯೇ ಇದೆ. ‘ರಾತ್ರಿ ಹೆಪ್ಪು ಕೊಡಬಾರದು’ ಎಂಬ ವಾಕ್ಯವನ್ನು ಗಮನಿಸಬಹುದು. ‘ಬಾರದು’ ಎಂಬುದು ‘ಬರು’ ಧಾತುವಿನ ನಿಷೇಧರೂಪ. ಹಾಗೆಯೇ ‘ಕೂಡದು’ ಎಂಬುದು ‘ಕೂಡು’ ಧಾತುವಿನದು. ‘ಬರುವುದಿಲ್ಲ’, ‘ಹೊಂದುವುದಿಲ್ಲ’ ಎಂಬ ಅರ್ಥದ ಈ ರೂಪಗಳು ಕನ್ನಡದಲ್ಲಿ ನಿಷೇಧದ ಸಹಾಯಕ್ರಿಯೆಗಳಾಗಿ ನೆಲೆನಿಂತಿವೆ. ಇಂತಹ ವಾಕ್ಯಕ್ಕೆ ಕರ್ತೃ ಬೇಕಾಗಿಲ್ಲ. ಯಾರು ಕೊಡಬಾರದು, ಯಾರು ಹಾಗೆಂದರು, ಎಲ್ಲಿ, ಯಾವಾಗಿನಿಂದ ಎಂಬ ಯಾವುದಕ್ಕೂ ವಾಕ್ಯ ಉತ್ತರ ಹೇಳಬೇಕಾಗಿಲ್ಲ. ಕರ್ತೃವಿಲ್ಲದ ಕಾರಣ ಅದರೊಡನೆ ವಾದಿಸಲೂ ಆಗದು. ವಿಧಿಯ ಯಜಮಾನಿಕೆ ನಿಂತಿರುವುದು ಈ ಅನಾಮಿಕತೆಯ ಮೇಲೆಯೇ.

ಗೆಳತಿಯ ಉತ್ತರ ಸಾಮಾನ್ಯವಾಗಿ ‘ನಮ್ಮ ಕಡೆ ಕೊಡೋದಿಲ್ಲ ಕಣೆ’ ಎಂಬ ರೂಪದಲ್ಲಿರುತ್ತದೆ. ಇಲ್ಲಿ ‘ನಮ್ಮ ಕಡೆ’ ಎಂಬ ಪದಗುಚ್ಛ ವಾಕ್ಯಕ್ಕೆ ಒಂದು ಊರನ್ನು, ಒಂದು ಎಲ್ಲೆಯನ್ನು ಒದಗಿಸುತ್ತದೆ. ಎಲ್ಲೆ ಇರುವಲ್ಲಿ ಅದರ ಆಚೆಗೂ ಏನೋ ಇರಲೇಬೇಕು. ‘ನಿಮ್ಮ ಕಡೆ ಹೇಗೋ ಏನೋ’ ಎಂಬ ಬಾಲವಾಕ್ಯ ಹಲವು ವೇಳೆ ತಾನಾಗಿಯೇ ಬಂದು ಸೇರುವುದು ಇದರಿಂದಲೇ. ‘ಕೊಡೋದಿಲ್ಲ’ ಎಂಬುದು ರೂಢಿಯ ವರದಿ, ಆಜ್ಞೆಯಲ್ಲ. ‘ಕಣೆ’ ಎಂಬ ಅವ್ಯಯವು ಹೇಳುವವಳು ಮತ್ತು ಕೇಳುವವಳ ನಡುವಿನ ಸಲಿಗೆಯನ್ನು ಸಾರುತ್ತದೆ. ಧಾರವಾಡದ ಕಡೆ ಇದೇ ಕೆಲಸವನ್ನು ‘ನೋಡವಾ’ ಎಂಬ ಮಾತು ಮಾಡುತ್ತದೆ. ಉತ್ತರದ ಕೊನೆಗೆ ‘ಎದಕ್ಕೂ ನಿಮ್ಮತ್ತೇನ ಒಂದು ಮಾತು ಕೇಳು’ ಎಂಬ ಸೂಚನೆ ಸೇರುವುದೂ ಉಂಟು. ಗೆಳತಿ ತನ್ನ ಅಧಿಕಾರವನ್ನು ತಾನೇ ಮಿತಿಗೊಳಿಸಿಕೊಳ್ಳುತ್ತಾಳೆ. ತಿಳಿವಳಿಕೆ ದಾಟುತ್ತದೆ, ಅಪ್ಪಣೆ ದಾಟುವುದಿಲ್ಲ.

ಹೆಪ್ಪಿನ ಪ್ರಶ್ನೆಯನ್ನೇ ಮುಂದುವರಿಸಬಹುದು. ಸಂಜೆ ದೀಪ ಹಚ್ಚಿದ ಮೇಲೆ ಉಪ್ಪು, ಮೊಸರು, ಸೂಜಿ, ಹಣಗಳನ್ನು ಮನೆಯಿಂದ ಹೊರಗೆ ಕೊಡುವುದಿಲ್ಲ ಎಂಬ ರೂಢಿ ನಾಡಿನ ಹಲವೆಡೆ ಇದೆ. ಉಪ್ಪನ್ನು ಹಗಲಿನಲ್ಲಿಯೂ ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂಬ ನಂಬಿಕೆಯಿದ್ದು, ಕೊಡುವವರು ಕೆಳಗಿಡುತ್ತಾರೆ, ಪಡೆಯುವವರು ಎತ್ತಿಕೊಳ್ಳುತ್ತಾರೆ. ಆದರೆ ರಾತ್ರಿ ಎಂಟಕ್ಕೆ ನೆರೆಯಾಕೆ ಹೆಪ್ಪು ಕೇಳಿಕೊಂಡು ಬಾಗಿಲಿಗೆ ಬಂದು ನಿಂತರೆ ಮಾಡುವುದೇನು? ಸಂಗ್ರಹಗೊಂಡ ವಿಧಿಯಲ್ಲಿ ಇದಕ್ಕೆ ಉತ್ತರವಿಲ್ಲ. ಕೊಟ್ಟರೆ ರೂಢಿ ಕೆಡುತ್ತದೆ, ಕೊಡದಿದ್ದರೆ ನೆರೆ ಕೆಡುತ್ತದೆ. ಗೆಳತಿಯ ಉತ್ತರ ಹುಟ್ಟುವುದು ಇಂತಹ ಇಕ್ಕಟ್ಟಿನಲ್ಲಿ: ಕೈಗೆ ಕೊಡದೆ ಬಟ್ಟಲನ್ನು ಕೆಳಗಿಡು, ಇಲ್ಲವೇ ಅವರ ಹಾಲನ್ನೇ ತರಿಸಿಕೊಂಡು ನಿನ್ನ ಮನೆಯಲ್ಲಿಯೇ ಹೆಪ್ಪು ಹಾಕಿ ಬೆಳಿಗ್ಗೆ ಕೊಡು. ಎರಡನೆಯ ಪರಿಹಾರದ ಜಾಣ್ಮೆ ಗಮನಾರ್ಹವಾದುದು; ರಾತ್ರಿ ಮೊಸರು ಹೊಸ್ತಿಲು ದಾಟಲಿಲ್ಲ, ನೆರೆಯವರಿಗೆ ಮೊಸರು ತಪ್ಪಲೂ ಇಲ್ಲ.

ವಿಧಿಯೊಂದರ ವ್ಯಾಪ್ತಿ ಎಲ್ಲಿ ಮುಗಿಯುತ್ತದೆ ಎಂಬುದು ಪ್ರಶ್ನೆಯಿಂದಲೇ ತಿಳಿಯುತ್ತದೆ ಎಂಬುದಕ್ಕೆ ‘ಹೋಗಿ ಬರುತ್ತೇನೆ’ ಎಂಬ ಬೀಳ್ಕೊಡುಗೆಯ ಮಾತಿಗಿಂತ ಉತ್ತಮ ನಿದರ್ಶನ ಸಿಗಲಾರದು. ದೀಪ ಆರಿಸುವುದನ್ನು ‘ಶಾಂತ ಮಾಡು’ ಎನ್ನುವ, ಬಳೆ ಒಡೆದುದನ್ನು ‘ಹೆಚ್ಚಿತು’ ಎನ್ನುವ ಮಂಗಳನುಡಿಗಳ ಸಾಲಿನಲ್ಲಿಯೇ ಇದೂ ಇದೆ. ಬರಿಯ ‘ಹೋಗುತ್ತೇನೆ’ ಎಂದರೆ ಮರಳಿ ಬಾರದ ಹೋಗುವಿಕೆಯ ಛಾಯೆ ಇರುವುದರಿಂದ ‘ಬರುತ್ತೇನೆ’ ಎಂಬ ಕ್ರಿಯಾಪದ ಕಡ್ಡಾಯವಾಗುತ್ತದೆ. ಬಾಲ್ಯದಿಂದ ಇದನ್ನು ಕಲಿತವಳು ಮೊದಲ ಬಾರಿಗೆ ಸ್ವತಂತ್ರವಾಗಿ ಸಾವಾದ ಮನೆಗೆ ಹೋಗಬೇಕಾದಾಗ ಅದೇ ಸೌಜನ್ಯ ಅಪಚಾರವಾಗಿ ಪರಿಣಮಿಸುತ್ತದೆ. ಅಲ್ಲಿ ‘ಬರುತ್ತೇನೆ’ ಎಂದರೆ ಇಂತಹುದೇ ಕಾರಣಕ್ಕೆ ಮತ್ತೊಮ್ಮೆ ಬರುತ್ತೇನೆ ಎಂದಂತೆ. ಹೀಗಾಗಿ ಆ ಮನೆಯಿಂದ ಏನೂ ಹೇಳದೆ ಎದ್ದುಬರುವುದೇ ಮರ್ಯಾದೆ. ಇದನ್ನು ಮಕ್ಕಳಿಗೆ ಯಾರೂ ಮುಂದಾಗಿ ಕಲಿಸುವುದಿಲ್ಲ. ಸಾವಿನ ಮನೆಯ ಮಾತನ್ನು ಸುಮ್ಮಸುಮ್ಮನೆ ಆಡುವುದೂ ಅಶುಭವೇ. ಆದ್ದರಿಂದ ಹೊರಡುವ ಮುನ್ನ ಗೆಳತಿಯನ್ನು ‘ಏನು ಹೇಳಬೇಕು’ ಎಂದು ಕೇಳಬೇಕಾಗುತ್ತದೆ. ‘ಏನೂ ಹೇಳಬೇಡ, ಸ್ವಲ್ಪ ಹೊತ್ತು ಕೂತು ಎದ್ದು ಬಾ’ ಎಂಬುದು ಉತ್ತರ. ಗೆಳತಿಯ ಮಾತಿನಲ್ಲಿ ವಿಧ್ಯರ್ಥ ನೇರವಾಗಿ ಕಾಣಿಸಿಕೊಳ್ಳುವ ವಿರಳ ಸಂದರ್ಭ ಇದು. ಇಲ್ಲಿ ‘ನಮ್ಮ ಕಡೆ’ ಎಂಬ ಹಿಂಜರಿಕೆಗೆ ಸಮಯವಿರುವುದಿಲ್ಲ.

ಪ್ರಾದೇಶಿಕ ಭೇದಗಳು ಈ ಕೇಳಾಟವನ್ನು ಇನ್ನಷ್ಟು ಅನಿವಾರ್ಯಗೊಳಿಸುತ್ತವೆ. ಮೈಸೂರು ಸೀಮೆಯ ‘ಮಡಿಲು ತುಂಬುವುದು’ ಉತ್ತರ ಕರ್ನಾಟಕದಲ್ಲಿ ‘ಉಡಿ ತುಂಬುವುದು’. ಅಲ್ಲಿನ ‘ವೈನಿ’ ಇಲ್ಲಿ ‘ಅತ್ತಿಗೆ’. ಸಂಕ್ರಾಂತಿಗೆ ಎಳ್ಳು ಬೀರುವ ಮನೆಯಿಂದ ಹೋದವಳಿಗೆ ವಿಜಯದಶಮಿಯ ದಿನ ಬನ್ನಿಯ ಎಲೆಯನ್ನು ಕೈಗಿಟ್ಟರೆ ಮರಳಿ ಏನು ಮಾಡಬೇಕೆಂದು ತೋಚುವುದಿಲ್ಲ. ಕರಾವಳಿಯಲ್ಲಿ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವ ಪದ್ಧತಿಯನ್ನು ಅರಿಯದವರು ಬೆಲ್ಲದ ತುಂಡನ್ನು ಏನು ಮಾಡುವುದೆಂದು ಪಕ್ಕದವರ ಮುಖ ನೋಡುತ್ತಾರೆ. ನಾಲ್ಕು ಕಡೆಯ ಕನ್ನಡಿಗರು ಒಂದೇ ಮಾಳಿಗೆಯಲ್ಲಿ ವಾಸಿಸುವ ಬೆಂಗಳೂರಿನಂತಹ ನಗರದಲ್ಲಿ ‘ನಮ್ಮ ಕಡೆ’ ಎಂಬ ಮಾತು ಇನ್ನೂ ಹೆಚ್ಚಾಗಿ ಕೇಳಿಬರುತ್ತಿರುವುದು ಸಹಜವೇ ಆಗಿದೆ.

ಮುಯ್ಯಿಯ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪ. ಮದುವೆಯಲ್ಲಿ ಹಾಕುವ ಮುಯ್ಯಿ ಹೊಲಗೆಲಸದ ‘ಮುಯ್ಯಾಳಿ’ನಂತೆಯೇ ಮರಳಿಸಬೇಕಾದ ಋಣ. ‘ಎಷ್ಟು ಹಾಕಿದರೆ ಸರಿ’ ಎಂಬ ಪ್ರಶ್ನೆಯನ್ನು ಆ ಮನೆಯವರನ್ನಂತೂ ಕೇಳುವಂತಿಲ್ಲ. ಗೆಳತಿ ಮರುಪ್ರಶ್ನೆ ಹಾಕುತ್ತಾಳೆ: ‘ನಿಮ್ಮ ಮದುವೇಲಿ ಅವರು ಎಷ್ಟು ಹಾಕಿದ್ರು?’ ಮೊತ್ತ 101 ಆಗಲಿ, 501 ಆಗಲಿ, ಕೊನೆಯ 1 ರೂಪಾಯಿಯನ್ನು ಮರೆಯದಂತೆ ನೆನಪಿಸುವವಳೂ ಅವಳೇ.

ಇಷ್ಟರವರೆಗಿನ ನಿದರ್ಶನಗಳಲ್ಲಿ ತಪ್ಪಿದರೆ ಆಗುವುದು ಮುಜುಗರ. ಅರಿಶಿನ ಕುಂಕುಮದ ಪ್ರಶ್ನೆಯಲ್ಲಿ ಪಣಕ್ಕಿರುವುದು ಒಬ್ಬ ವ್ಯಕ್ತಿಯ ಘನತೆ. ನವರಾತ್ರಿಗೋ ಶ್ರಾವಣಕ್ಕೋ ಬೀದಿಯ ಹೆಂಗಸರನ್ನೆಲ್ಲ ಕರೆಯುವಾಗ ಗಂಡನನ್ನು ಕಳೆದುಕೊಂಡ ನೆರೆಯಾಕೆಯನ್ನು ಕರೆಯಬೇಕೆ, ಕರೆದರೆ ಕುಂಕುಮ ಕೊಡಬೇಕೆ? ವಿಧಿವಾಕ್ಯ ಸ್ಪಷ್ಟವಾಗಿದೆ ಮತ್ತು ಕ್ರೂರವಾಗಿದೆ: ಮುತ್ತೈದೆಯರಿಗೆ ಮಾತ್ರ. ಗೆಳತಿಯರ ನಡುವೆ ಇದಕ್ಕೆ ಹಲವು ಉತ್ತರಗಳು ಬಳಕೆಯಲ್ಲಿವೆ. ಕುಂಕುಮ ಬಿಟ್ಟು ಹೂವು, ಹಣ್ಣು, ತಾಂಬೂಲ ಕೊಡು ಎಂಬುದು ಒಂದು. ಮೇಲ್ನೋಟಕ್ಕೆ ಮೃದುವಾದ ಈ ಉತ್ತರ ಕೊರತೆಯನ್ನು ಎಲ್ಲರೆದುರು ತಟ್ಟೆಯಲ್ಲಿಟ್ಟು ತೋರಿಸುತ್ತದೆ. ನೀನಾಗಿ ಹಚ್ಚಬೇಡ, ಎಲ್ಲರಿಗೂ ಹಿಡಿದಂತೆ ತಟ್ಟೆ ಹಿಡಿ, ಇಟ್ಟುಕೊಳ್ಳುವುದು ಬಿಡುವುದು ಅವರಿಗೆ ಬಿಟ್ಟದ್ದು ಎಂಬುದು ಇನ್ನೊಂದು. ಇಲ್ಲಿ ನಿರ್ಧಾರ ಕೊಡುವವಳಿಂದ ಪಡೆಯುವವಳಿಗೆ ಜಾರುತ್ತದೆ. ಮೊದಲ ಉತ್ತರಕ್ಕಿಂತ ಇದು ಖಂಡಿತವಾಗಿಯೂ ಮುಂದಿನ ಹೆಜ್ಜೆ. ಆದರೆ ಹತ್ತು ಜನ ನೋಡುತ್ತಿರುವಾಗ ಎದುರಿಗೆ ಹಿಡಿದ ತಟ್ಟೆ ಒಂದು ಪರೀಕ್ಷೆಯೂ ಹೌದು. ಇಟ್ಟುಕೊಂಡರೂ ಮಾತು, ಬಿಟ್ಟರೂ ಮಾತು. ‘ಕರೆಯೋಕೆ ಹೋದಾಗಲೇ ಅವರನ್ನೇ ಕೇಳಿಬಿಡು’ ಎಂಬುದು ಮೂರನೆಯ ಉತ್ತರ. ಇದನ್ನು ಹೇಳುವಾಗ ಗೆಳತಿ ‘ನಮ್ಮ ಕಡೆ’ ಎಂಬ ಮಾತನ್ನು ಬಳಸುವುದಿಲ್ಲ. ಬಳಸಲು ಸಾಧ್ಯವೂ ಇಲ್ಲ, ಏಕೆಂದರೆ ಯಾರ ಕಡೆಯೂ ಹಾಗೊಂದು ರೂಢಿ ಇರಲಿಲ್ಲ. ರೂಢಿಯನ್ನು ವರದಿ ಮಾಡುತ್ತಿದ್ದ ವಾಕ್ಯವು ರೂಢಿಯಿಲ್ಲದ ಕಡೆಗೆ ತಿರುಗುವ ಈ ಕ್ಷಣದಲ್ಲಿ ಪ್ರಶ್ನೆಯು ಅದುವರೆಗೆ ಯಾರನ್ನು ಕುರಿತು ಕೇಳಲ್ಪಡುತ್ತಿತ್ತೋ ಅವರ ಬಳಿಗೇ ಹೋಗಿ ಸೇರುತ್ತದೆ.

ಹಾಗೆಂದು ಗೆಳತನದ ಈ ವಲಯವನ್ನು ಆದರ್ಶೀಕರಿಸುವಂತಿಲ್ಲ. ಓರಗೆಯವರು ಎಂಬ ಮಾತು ವಯಸ್ಸನ್ನು ಸೂಚಿಸುವಂತೆ ಕಂಡರೂ ವ್ಯವಹಾರದಲ್ಲಿ ಅದು ಬಹುಪಾಲು ಒಂದೇ ಜಾತಿಯ, ಇಲ್ಲವೇ ಪರಸ್ಪರ ಉಣ್ಣಬಲ್ಲ ಜಾತಿಗಳ ಓರಗೆ. ನೆರೆಮನೆಯಿಂದ ಬಂದ ಪಾತ್ರೆಗೆ ಏನು ಹಾಕಿ ಕಳಿಸುವುದು ಎಂಬ ಪ್ರಶ್ನೆಯನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡಬೇಕಾಗುತ್ತದೆ. ‘ಒಂದು ಹಿಡಿ ಸಕ್ಕರೆ ಹಾಕು, ಇಲ್ಲ ಒಂದು ತೆಂಗಿನಕಾಯಿ ಇಡು’ ಎಂಬ ಉತ್ತರ ಎಲ್ಲೆಡೆ ಕೇಳಿಬರುತ್ತದೆ. ಸಕ್ಕರೆ, ಕಾಯಿ, ಬಾಳೆಹಣ್ಣು ಇವು ಯಾವುವೂ ಬೇಯಿಸಿದ ಪದಾರ್ಥಗಳಲ್ಲ. ಬೇಯಿಸಿದ ಅನ್ನವನ್ನು ಎಲ್ಲರಿಂದ ಎಲ್ಲರೂ ಸ್ವೀಕರಿಸದ ಸಮಾಜದಲ್ಲಿ ಬೇಯಿಸದ ವಸ್ತು ಯಾರ ಮನೆಯಿಂದ ಯಾರ ಮನೆಗಾದರೂ ಹೋಗಬಲ್ಲದು. ಸೌಜನ್ಯದ ಗುರುತಾಗಿರುವ ಹಿಡಿ ಸಕ್ಕರೆಯು ಈ ಎಚ್ಚರಿಕೆಯನ್ನೂ ತನ್ನೊಳಗೆ ಇಟ್ಟುಕೊಂಡಿದೆ ಎನ್ನಬೇಕು. ಹೀಗಾಗಿ ಪಾತ್ರೆಗೆ ಏನು ಹಾಕಬೇಕು ಎಂದು ಗೆಳತಿಯನ್ನು ಕೇಳುವವಳು ಯಾರ ಮನೆಯಿಂದ ಪಾತ್ರೆ ಬರುವುದೇ ಇಲ್ಲ, ಯಾರ ಮನೆಗೆ ತನ್ನ ಪಾತ್ರೆ ಹೋಗುವುದಿಲ್ಲ ಎಂಬುದನ್ನು ಕೇಳುವುದಿಲ್ಲ. ಅವಳಿಗೆ ಅದು ಪ್ರಶ್ನೆಯಾಗಿ ಹೊಳೆಯುವುದೂ ಅಪರೂಪ. ಮನೆವಾರ್ತೆಯ ಪ್ರಶ್ನೋತ್ತರಗಳನ್ನು ಮುಂದೆ ಸಂಗ್ರಹಿಸುವವರು ಕೇಳಿದವರು ಯಾರು, ಹೇಳಿದವರು ಯಾರು, ಅವರಿಬ್ಬರ ನಡುವೆ ಪಾತ್ರೆ ಓಡಾಡುತ್ತಿತ್ತೇ ಎಂಬ ವಿವರಗಳನ್ನೂ ವಿಧಿವಾಕ್ಯದ ಪಕ್ಕದಲ್ಲಿಯೇ ಬರೆದುಕೊಳ್ಳುವುದು ಅಗತ್ಯ.