ಹಿಂದೂಪುರ, ಕಲ್ಯಾಣದುರ್ಗಕ್ಕೆ ಮದುವೆಗೆ ಹೊರಟಿದ್ದೀರಾ? ಅರ್ಧ ದಿನ ಹೆಚ್ಚು ಇಟ್ಟುಕೊಳ್ಳಿ

ವ್ಯಾಪಾರದ ನಂಟಿನಿಂದ ನಮ್ಮವರಿಗೆ ಈಗ ಆಂಧ್ರದ ಗಡಿ ಊರುಗಳಿಂದಲೂ ಮದುವೆ ಕಾಗದ ಬರುತ್ತದೆ. ನಾವು ಮಾಡುವುದೇನು? ಮಂಗಳೂರಲ್ಲಿ ರಾತ್ರಿ ಬಸ್ ಹತ್ತಿ, ಬೆಂಗಳೂರು ದಾಟಿ, ನಿಖಾಹ್ ನೋಡಿ, ಬಿರಿಯಾನಿ ಉಂಡು, ಸಂಜೆಯೇ ವಾಪಸ್. ದಾರಿ ಖರ್ಚು ಹೇಗೂ ಆಗಿಯೇ ಹೋಗಿರುತ್ತದೆ. ಮನೆಯ ಉಮ್ಮ, ಅಜ್ಜಿಯರಿಗೆ ಎಷ್ಟೋ ಸಲ ಇಂಥ ಮದುವೆಯೇ ವರ್ಷದ ಒಂದೇ ಪ್ರವಾಸ. ಅವರಿಗಾಗಿಯಾದರೂ ಅರ್ಧ ದಿನ ಉಳಿಯಬೇಕು.

ಮೊದಲು ದೂರ ತಿಳಿದಿರಲಿ

ಎರಡೂ ಹಿಂದೆ ಅನಂತಪುರ ಜಿಲ್ಲೆಯ ಊರುಗಳು. 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಎರಡರ ನಡುವೆ ನೂರು ಕಿ.ಮೀ. ಆಸುಪಾಸು ದೂರವಿದೆ, ದಾರಿಯಲ್ಲಿ ನಮ್ಮ ಪಾವಗಡವೂ ಸಿಗುತ್ತದೆ. ಹಾಗಾಗಿ ಒಂದೇ ದಿನ ಎರಡು ಕಡೆಯ ಸುತ್ತಾಟ ಬೇಡ. ಹಿಂದೂಪುರಕ್ಕೆ ಬೆಂಗಳೂರಿನಿಂದ ಗೌರಿಬಿದನೂರು ಮೇಲೆ ರೈಲಿದೆ. ಅಲ್ಲಿ ಕನ್ನಡ ಅರ್ಥವಾಗುವವರು ಬೇಕಾದಷ್ಟು ಜನ.

ಹಿಂದೂಪುರದಿಂದ: ಲೇಪಾಕ್ಷಿ, ಪೆನುಕೊಂಡ

ಲೇಪಾಕ್ಷಿ ಸುಮಾರು 15 ಕಿ.ಮೀ. ವಿಜಯನಗರ ಕಾಲದ, 16ನೇ ಶತಮಾನದ ವೀರಭದ್ರ ದೇವಾಲಯ, ಹತ್ತಿರದಲ್ಲೇ ಒಂದೇ ಕಲ್ಲಿನ ದೊಡ್ಡ ನಂದಿ. ಇವೆರಡೂ 2022ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿವೆ. ಒಂದು ಕಂಬದ ಬುಡ ನೆಲಕ್ಕೆ ಪೂರ್ತಿ ತಾಗಿಲ್ಲ, ಜನ ಅಡಿಯಲ್ಲಿ ಬಟ್ಟೆ ತೂರಿಸಿ ನೋಡುತ್ತಾರೆ. ಕೆಲಸ ಅರ್ಧಕ್ಕೇ ನಿಂತ ಕಲ್ಯಾಣ ಮಂಟಪವೂ ಇದೆ. ಹೆಂಗಸರು ಕಂಬದ ಕೆತ್ತನೆಯನ್ನು ಗಮನಿಸಿ, ಲೇಪಾಕ್ಷಿ ಸೀರೆಯ ಡಿಸೈನ್ ಬಂದದ್ದು ಅಲ್ಲಿಂದಲೇ. ಪೂಜೆ ನಡೆಯುವ ಜಾಗ, ಮರ್ಯಾದೆಯಿಂದ ನಡೆದುಕೊಳ್ಳೋಣ. ಚಪ್ಪಲಿ ಹೊರಗೆ ಬಿಡಬೇಕು, ಮಧ್ಯಾಹ್ನ ಕಲ್ಲು ಸುಡುತ್ತದೆ. ಬೆಳಗ್ಗೆಯೇ ಹೋಗಿ.

ಪೆನುಕೊಂಡ ಸುಮಾರು 40 ಕಿ.ಮೀ. 1565ರ ಯುದ್ಧದ ನಂತರ ವಿಜಯನಗರದ ರಾಜಧಾನಿ ಇಲ್ಲಿಗೆ ಬಂತು. ಕೋಟೆ, ಗಗನ ಮಹಲ್, ಶೇರ್ ಖಾನ್ ಮಸೀದಿ ನೋಡಬಹುದು. ಬಾಬಾ ಫಕ್ರುದ್ದೀನ್ ದರ್ಗಾ ಇಲ್ಲೇ ಇದೆ. ಊರಿನ ಹಿಂದೂಗಳೂ 'ಬಾಬಯ್ಯ' ಎಂದು ನಡೆದುಕೊಳ್ಳುತ್ತಾರೆ.

ಕಲ್ಯಾಣದುರ್ಗದಿಂದ: ರಾಯದುರ್ಗ

ಇದು ಕಡಲೆಕಾಯಿ ಸೀಮೆಯ ಸಣ್ಣ ಊರು. ಬಿಡುವಿದ್ದರೆ ರಾಯದುರ್ಗದ ಬೆಟ್ಟದ ಕೋಟೆ ನೋಡಿ. ಬಳ್ಳಾರಿ ಕಡೆಯಿಂದ ಬರುವವರಿಗೆ ಅದು ದಾರಿಯಲ್ಲೇ ಸಿಗುತ್ತದೆ. ಜೀನ್ಸ್ ಹೊಲಿಯುವ ಊರು ಅಂತಲೂ ಅದಕ್ಕೆ ಹೆಸರು.

ತಿನ್ನಲು ಏನು?

ಮೀನು ಹುಡುಕಬೇಡಿ, ಅದು ನಮ್ಮ ಕರಾವಳಿಯ ಊಟ. ಬೆಳಗ್ಗೆ ಉಗ್ಗಾಣಿ-ಬಜ್ಜಿ ತಿನ್ನಿ: ನೆನೆಸಿದ ಮಂಡಕ್ಕಿಯ ಒಗ್ಗರಣೆ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಮಧ್ಯಾಹ್ನ ರಾಗಿ ಸಂಗಟಿ, ನಾಟಿ ಕೋಳಿ ಪುಲುಸು. ಸಂಗಟಿ ಅಂದರೆ ಅನ್ನ ಸೇರಿಸಿ ಮಾಡುವ ಮುದ್ದೆ. ಖಾರ ಜೋರು, ಮಕ್ಕಳಿಗೆ ಮೊಸರು ಹೇಳಿ. ಹಲಾಲ್ ಹೋಟೆಲ್ ಯಾವುದು ಅಂತ ಬೋರ್ಡು ನೋಡಿ ಊಹಿಸುವ ಬದಲು ಮದುವೆ ಮನೆಯವರನ್ನೋ ಮಸೀದಿ ಹತ್ತಿರದ ಅಂಗಡಿಯವರನ್ನೋ ಕೇಳಿ. ವಾಪಸ್ ಬರುವಾಗ ಹಿಂದೂಪುರದ ಹುಣಸೆಹಣ್ಣು, ಒಣಮೆಣಸು, ಬೆಲ್ಲ ತನ್ನಿ. ಈ ಮೂರಕ್ಕೂ ಅದು ಹೆಸರಾದ ಮಾರ್ಕೆಟ್.

ಮದುವೆ ಮನೆಯವರಿಗೆ ಒಂದು ಮಾತು

ಕಾಗದದ ಜೊತೆ ವಾಟ್ಸ್ಯಾಪ್‌ನಲ್ಲಿ ನಾಲ್ಕು ಸಾಲು ಕಳಿಸಿ: ಉಳಿಯುವ ಜಾಗ, ನಮಾಝಿನ ಜಾಗ, ನಂಬಿಕೆಯ ಹೋಟೆಲ್, ಗೊತ್ತಿರುವ ಆಟೋದವರ ನಂಬರ್. ನಾಲ್ಕೈದು ಮನೆಯವರು ಸೇರಿ ಒಂದು ಗಾಡಿ ಮಾಡಿಕೊಂಡರೆ ಖರ್ಚೂ ಹಂಚಿಹೋಗುತ್ತದೆ. ದೂರದಿಂದ ಬಂದ ನೆಂಟರಿಗೆ ಊಟ ಹಾಕುವುದು ಎಷ್ಟು ಮುಖ್ಯವೋ, ಊರು ತೋರಿಸುವುದೂ ಅಷ್ಟೇ ದೊಡ್ಡ ಸತ್ಕಾರ.