ಕೋಷ್ಠಕದ ಮನೆಯೊಳಗೆ ಕೆಂಪಕ್ಷರ

ಗಣಕಯಂತ್ರದ ಎಕ್ಸೆಲ್ ಕೋಷ್ಠಕವನ್ನು ಈಗ ಅನೇಕ ಗೃಹಸ್ಥರು ಮನೆಯ ಲೆಕ್ಕಕ್ಕೂ ವೃದ್ಧರ ಔಷಧದ ಪಟ್ಟಿಗೂ ಉಪಯೋಗಿಸುತ್ತಿರುವರು. ಅದರ ಒಂದೊಂದು ಚೌಕವನ್ನು, ಚದುರಂಗದಲ್ಲಿರುವಂತೆ, ‘ಮನೆ’ ಎಂದು ಕರೆಯೋಣ. ಒಂದು ಮನೆಯಲ್ಲಿ “ಅರ್ಧ ಮಾತ್ರೆ, ಬೆಳಿಗ್ಗೆ, ಊಟಕ್ಕೆ ಮುಂಚೆ” ಎಂದು ಬರೆದಿದೆಯೆನ್ನಿ. ಮೊದಲು ಕಣ್ಣಿಗೆ ಬೀಳಬೇಕಾದುದು ‘ಅರ್ಧ’ ಎಂಬ ಪದ. ಬಹುಮಂದಿ ಇಡೀ ಮನೆಗೇ ಕೆಂಪು ಬಳಿದುಬಿಡುವರು. ಎಲ್ಲವೂ ಕೆಂಪಾದ ಮೇಲೆ ಎಚ್ಚರಿಕೆ ಯಾವುದಕ್ಕೆಂದು ತಿಳಿಯುವ ಬಗೆ ಹೇಗೆ? ಹಿಂದಿನ ಲಿಪಿಕಾರರು ಕೆಂಪು ಮಸಿಯನ್ನು ಬೇಕಾದ ಕಡೆಗೆ ಮಾತ್ರ ಮುಟ್ಟಿಸುತ್ತಿದ್ದರು.

ಉಪಾಯವು ಸುಲಭವಾದುದು. ಆ ಮನೆಯನ್ನು ಆರಿಸಿ ಎಫ್2 ಕೀಲಿಯನ್ನು ಒತ್ತಿರಿ. ಬಳಿಕ ಶಿಫ್ಟ್ ಕೀಲಿಯನ್ನು ಹಿಡಿದುಕೊಂಡು, ಬಾಣದ ಕೀಲಿಗಳಿಂದ ಬೇಕಾದ ಅಕ್ಷರಗಳನ್ನಷ್ಟೇ ಗುರುತಿಸಿರಿ. ಆಗ ಕಂಟ್ರೋಲ್ ಕೀಲಿಯೊಡನೆ ಬಿ ಒತ್ತಿದರೆ ದಪ್ಪಕ್ಷರ, ಯು ಒತ್ತಿದರೆ ಅಡಿಗೆರೆ; 1 ಒತ್ತಿದರೆ ಬಣ್ಣ, ಗಾತ್ರ ಮೊದಲಾದುವೆಲ್ಲ ಒಂದೇ ಕಡೆ ದೊರೆಯುವುವು. ಐ ಒತ್ತಿದರೆ ಅಕ್ಷರವು ಓರೆಯಾಗುವುದು. ನಮ್ಮ ದುಂಡು ಲಿಪಿಗೆ ಅದು ಅಷ್ಟಾಗಿ ಒಪ್ಪದು. ಕೊನೆಗೆ ಎಂಟರ್ ಒತ್ತತಕ್ಕದ್ದು.

ಇದು ಬರೆಹಕ್ಕೆ ಮಾತ್ರ ಸಲ್ಲುವುದು. ಸೂತ್ರದಿಂದ ಬಂದ ಫಲದಲ್ಲಾಗಲಿ ಬರಿಯ ಸಂಖ್ಯೆಯಲ್ಲಾಗಲಿ ಒಂದು ಭಾಗಕ್ಕೆ ಬೇರೆ ಬಣ್ಣ ನಿಲ್ಲದು. ಸಂಖ್ಯೆಯ ಮುಂದೆ ಒಂಟಿ ಉದ್ಧರಣ ಚಿಹ್ನೆಯನ್ನಿಟ್ಟು ಅದನ್ನು ಬರೆಹವಾಗಿ ಮಾಡಬಹುದೇನೋ ನಿಜ. ಆದರೆ ಮೊತ್ತ ಕೂಡಿಸುವ ಸಮ್ ಸೂತ್ರವು ಆ ಮನೆಯನ್ನು ಬಿಟ್ಟೇ ಎಣಿಸುವುದು. ಖರ್ಚಿನ ಪಟ್ಟಿಯಲ್ಲಿ ಹೀಗೆ ಮಾಡಿದರೆ ನೂರು ರೂಪಾಯಿ ಸದ್ದಿಲ್ಲದೆ ಮಾಯವಾದೀತು. ಸಂಖ್ಯೆಯನ್ನು ಹಾಗೆಯೇ ಬಿಟ್ಟು, ಪಕ್ಕದ ಮನೆಯಲ್ಲಿ ಷರಾ ಬರೆದು ಅದಕ್ಕೆ ಬಣ್ಣ ಕೊಡುವುದು ಲೇಸು.

ಪಟ್ಟಿಯನ್ನು ಕಪ್ಪು ಮಸಿಯ ಯಂತ್ರದಲ್ಲಿ ಅಚ್ಚುಮಾಡಿಸಿ ಗೋಡೆಗೆ ಅಂಟಿಸುವವರು ಕೆಂಪಿನೊಡನೆ ದಪ್ಪಕ್ಷರವನ್ನೂ ಸೇರಿಸತಕ್ಕದ್ದು; ಅಲ್ಲಿ ಕೆಂಪು ಬೂದಿಬಣ್ಣವಾಗಿಬಿಡುವುದು.