ಮುಳ್ಳು ತೋರಿಸುವ ಲೆಕ್ಕ

ಸೀಮೆಎಣ್ಣೆಯ ಡಬ್ಬಿಯಲ್ಲಿ ಎಷ್ಟು ಎಣ್ಣೆ ಉಳಿದಿದೆಯೆಂದು ತಿಳಿಯಲು ಹಿಂದಿನ ಗೃಹಿಣಿಯರು ಅದನ್ನು ಕಿವಿಯ ಬಳಿ ಹಿಡಿದು ಕುಲುಕುತ್ತಿದ್ದರು. ಸಂದೇಹ ತೀರದಿದ್ದರೆ ಕಡ್ಡಿಯೊಂದನ್ನು ಇಳಿಬಿಟ್ಟು ಒದ್ದೆಯಾದ ಭಾಗವನ್ನು ನೋಡುತ್ತಿದ್ದರು. ಮೋಟಾರ್ ಸೈಕಲ್ಲಿನ ಸವಾರರೂ ಬಹುಕಾಲ ಮಾಡಿದ್ದು ಇದನ್ನೇ. ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಇಣುಕುವುದು, ಗಾಡಿಯನ್ನು ಎಡಬಲಕ್ಕೆ ತೂಗಿ ಪೆಟ್ರೋಲಿನ ಸದ್ದನ್ನು ಆಲಿಸುವುದು, ಇವೇ ಅವರ ಮಾಪಕಗಳು. ಇಂದು ಸವಾರನ ಕಣ್ಣೆದುರಿಗೇ ಮುಳ್ಳೊಂದು ಇದೆ. ಪೆಟ್ರೋಲು ಮುಗಿಯುವ ಮುನ್ನ ಬೆಳಗುವ ಪುಟ್ಟ ದೀಪವೂ ಇದೆ. ಆದರೂ ನಡುದಾರಿಯಲ್ಲಿ ನಿಂತ ಗಾಡಿಯನ್ನು ಬೆವರು ಸುರಿಸುತ್ತ ತಳ್ಳಿಕೊಂಡು ಹೋಗುವವರು ಕಾಣಸಿಗದೆ ಇಲ್ಲ. ಹಾಗಾದರೆ ಮುಳ್ಳು ಸುಳ್ಳು ಹೇಳುತ್ತದೆಯೆ?

ಮುಳ್ಳು ಬರುವುದಕ್ಕೆ ಮೊದಲು ಅದಕ್ಕಿಂತ ಸರಳವಾದ ಏರ್ಪಾಡೊಂದು ಇತ್ತು. 1960ರ ದಶಕದ ಆರಂಭದಿಂದ 1996ರವರೆಗೆ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ದಿ ಗಾಡಿಗಳನ್ನು ಬಲ್ಲವರಿಗೆ ಅದು ಪರಿಚಿತವೇ. ಟ್ಯಾಂಕಿನ ಕೆಳಗಿನ ಟ್ಯಾಪಿನಿಂದ ಒಂದು ಸಣ್ಣ ಕೊಳವೆ ಟ್ಯಾಂಕಿನೊಳಗೆ ಮೇಲೆದ್ದು ನಿಂತಿರುತ್ತದೆ. ಸಾಮಾನ್ಯ ಸ್ಥಿತಿಯಲ್ಲಿ ಪೆಟ್ರೋಲು ಈ ಕೊಳವೆಯ ತುದಿಯಿಂದ ಒಳಸೇರಿ ಎಂಜಿನ್ನಿನತ್ತ ಹರಿಯುತ್ತದೆ. ಮಟ್ಟವು ಕೊಳವೆಯ ತುದಿಗಿಂತ ಕೆಳಗಿಳಿದರೆ ಎಂಜಿನ್ನು ಮುಗ್ಗರಿಸುತ್ತದೆ. ಆಗ ಸವಾರನು ಟ್ಯಾಪನ್ನು ‘ರಿಸರ್ವ್’ ಕಡೆಗೆ ತಿರುಗಿಸಿದರೆ ತಳದ ರಂಧ್ರದಿಂದ ಉಳಿದ ಒಂದೆರಡು ಲೀಟರು ಹರಿದುಬರುತ್ತದೆ. ಇದರಲ್ಲಿ ವಿದ್ಯುತ್ತಿಲ್ಲ, ತಂತಿಯಿಲ್ಲ; ಆದ್ದರಿಂದ ಕೆಡುವುದೂ ಅಪರೂಪ. ಮರೆವು ಮಾತ್ರ ಇದಕ್ಕೆ ಶತ್ರು. ಪೆಟ್ರೋಲು ತುಂಬಿಸಿದ ಮೇಲೆ ಟ್ಯಾಪನ್ನು ಮೊದಲಿನ ಸ್ಥಾನಕ್ಕೆ ತಿರುಗಿಸಲು ಮರೆತವನು ಮುಂದಿನ ಸಲ ಯಾವ ಎಚ್ಚರಿಕೆಯೂ ಇಲ್ಲದೆ ಟ್ಯಾಂಕನ್ನು ಬರಿದುಮಾಡಿಕೊಳ್ಳುತ್ತಿದ್ದನು.

ಇಂದಿನ ಮಾಪಕದ ಮೂಲತತ್ತ್ವವೂ ಕಠಿನವಾದುದೇನಲ್ಲ. ಟ್ಯಾಂಕಿನೊಳಗೆ ಹಗುರವಾದ ತೇಲುಬುರುಡೆಯೊಂದು ಪೆಟ್ರೋಲಿನ ಮೇಲೆ ತೇಲುತ್ತಿರುತ್ತದೆ. ಅದಕ್ಕೆ ಸೇರಿದ ಕಂಬಿಯ ಇನ್ನೊಂದು ತುದಿಯು ವಿದ್ಯುತ್ ಪ್ರವಾಹಕ್ಕೆ ತಡೆಯೊಡ್ಡುವ ಪಟ್ಟಿಯೊಂದರ ಮೇಲೆ ಉಜ್ಜಿಕೊಂಡು ಚಲಿಸುತ್ತದೆ. ಬುರುಡೆ ಇಳಿದಂತೆ ತಡೆಯ ಪ್ರಮಾಣ ಬದಲಾಗುತ್ತದೆ. ಅದಕ್ಕೆ ತಕ್ಕಂತೆ ಮುಳ್ಳು ವಾಲುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬುರುಡೆಯು ಅಳೆಯುವುದು ಪೆಟ್ರೋಲಿನ ಎತ್ತರವನ್ನೇ ಹೊರತು ಅದರ ಪ್ರಮಾಣವನ್ನಲ್ಲ.

ಟ್ಯಾಂಕು ಚೌಕಾಕಾರದ ಡಬ್ಬಿಯಾಗಿದ್ದರೆ ಎತ್ತರವನ್ನು ತಿಳಿದರೆ ಪ್ರಮಾಣವನ್ನೂ ತಿಳಿದಂತೆಯೇ ಆಗುತ್ತಿತ್ತು. ಆದರೆ ಮೋಟಾರ್ ಸೈಕಲ್ಲಿನ ಟ್ಯಾಂಕು, ಕುದುರೆಯ ಬೆನ್ನಿಗೆ ಹಾಕಿದ ಜೀನಿನಂತೆ, ಗಾಡಿಯ ಬೆನ್ನೆಲುಬಾದ ಕೊಳವೆಯ ಮೇಲೆ ಕುಳಿತಿರುತ್ತದೆ. ಆ ಕೊಳವೆಗೆ ಎಡೆಗೊಡುವುದಕ್ಕಾಗಿ ಟ್ಯಾಂಕಿನ ತಳದ ನಡುಭಾಗವು ಒಳಕ್ಕೆ ತಗ್ಗಿದ್ದು, ಎರಡು ಬದಿಗಳಲ್ಲಿ ಎರಡು ಜೋಲುಚೀಲಗಳಂತಹ ಭಾಗಗಳು ಉಳಿದಿರುತ್ತವೆ. ಹೀಗಾಗಿ ನಡುವಿನಲ್ಲಿ ಟ್ಯಾಂಕು ವಿಶಾಲ, ತಳದಲ್ಲಿ ಕಿರಿದು. ಮಟ್ಟವು ನಡುಭಾಗದಲ್ಲಿ ಒಂದು ಅಂಗುಲ ಇಳಿಯಬೇಕಾದರೆ ಸಾಕಷ್ಟು ಪೆಟ್ರೋಲು ಉರಿದಿರಬೇಕು. ತಳದಲ್ಲಿ ಅಷ್ಟೇ ಇಳಿಯುವುದಕ್ಕೆ ಸ್ವಲ್ಪ ಉರಿದರೂ ಸಾಕು. ಮೇಲಾಗಿ ತುಂಬಿದ ಟ್ಯಾಂಕಿನಲ್ಲಿ ಬುರುಡೆಯು ತನ್ನ ಏರುವಿಕೆಯ ಮಿತಿಯನ್ನು ಮುಟ್ಟಿ ನಿಂತಿರುವುದರಿಂದ ಮೊದಲ ಕೆಲವು ಹತ್ತು ಕಿಲೋಮೀಟರುಗಳವರೆಗೆ ಮುಳ್ಳು ಅಲುಗುವುದೇ ಇಲ್ಲ. ಮೊದಲರ್ಧ ನಿಧಾನವಾಗಿ ಇಳಿದ ಮುಳ್ಳು ಎರಡನೆಯ ಅರ್ಧದಲ್ಲಿ ಓಡುತ್ತದೆಯೆಂದು ಸವಾರರು ಗೊಣಗುವುದಕ್ಕೆ ಇದೇ ಕಾರಣ. ಅವರಲ್ಲಿ ಅನೇಕರು ಬಂಕಿನವನನ್ನು ಸಂಶಯಿಸುತ್ತಾರೆ. ಟ್ಯಾಂಕಿನ ಆಕಾರವನ್ನು ಯಾರೂ ಸಂಶಯಿಸುವುದಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಗಾಡಿಯು ಏರನ್ನು ಹತ್ತುವಾಗ ಪೆಟ್ರೋಲು ಹಿಂದಕ್ಕೂ ಇಳಿಜಾರಿನಲ್ಲಿ ಮುಂದಕ್ಕೂ ಸರಿಯುತ್ತದೆ. ಪಕ್ಕದ ಸ್ಟ್ಯಾಂಡಿನ ಮೇಲೆ ಎಡಕ್ಕೆ ವಾಲಿ ನಿಂತಿರುವಾಗ ಎಡಕ್ಕೆ ಸೇರುತ್ತದೆ. ಬುರುಡೆ ಇರುವುದು ಒಂದೇ ಕಡೆ. ಆದುದರಿಂದ ಗಾಡಿಯನ್ನು ಸಮನೆಲದಲ್ಲಿ ನೆಟ್ಟಗೆ ನಿಲ್ಲಿಸಿ ನೋಡಿದ ಅಳತೆಗೆ ಮಾತ್ರ ಬೆಲೆಯುಂಟು. ಗೆರೆಗಳ ಮೂಲಕ ಪ್ರಮಾಣವನ್ನು ತೋರಿಸುವ ಈಚಿನ ಮಾಪಕಗಳಲ್ಲಿ ವಿದ್ಯುನ್ಮಾನ ಉಪಕರಣವು ಸ್ವಲ್ಪ ಹೊತ್ತಿನ ಅಳತೆಗಳ ಸರಾಸರಿಯನ್ನು ತೆಗೆದು ತೋರಿಸುವುದರಿಂದ ಹಳ್ಳತಿಟ್ಟುಗಳ ತುಳುಕಾಟ ಕಾಣಿಸದು. ಆದರೆ ಐದಾರು ಗೆರೆಗಳಷ್ಟೇ ಇರುವಲ್ಲಿ ಒಂದೊಂದು ಗೆರೆಯೂ ಎರಡು ಲೀಟರಿಗೆ ಸಮವಾಗಿರಬಹುದು. ಆ ಗೆರೆ ಈಗತಾನೆ ಮೂಡಿದ್ದೋ ಇನ್ನೇನು ಅಳಿಯಲಿರುವುದೋ ತಿಳಿಯುವುದು ಹೇಗೆ?

ಮಾಪಕವು ಕೆಡುವುದೂ ಉಂಟು. ಬುರುಡೆ ತೂತಾಗಿ ಮುಳುಗಿದರೆ ತುಂಬಿದ ಟ್ಯಾಂಕೂ ಖಾಲಿಯೆನಿಸುತ್ತದೆ, ಇದರಿಂದ ಅಪಾಯವಿಲ್ಲ. ಕಂಬಿ ಸಿಕ್ಕಿಕೊಂಡರೆ ಖಾಲಿ ಟ್ಯಾಂಕು ಅರ್ಧ ತುಂಬಿದಂತೆ ಕಾಣಬಹುದು, ಅಪಾಯವಿರುವುದು ಇಲ್ಲಿ. 2004ರಲ್ಲಿ ಅಮೆರಿಕದ ಫ್ಲಾರಿಡಾ ಮುಂತಾದೆಡೆ ಗಂಧಕದ ಅಂಶ ಹೆಚ್ಚಾಗಿದ್ದ ಪೆಟ್ರೋಲು ಮಾರಾಟವಾಗಿ, ಹಲವು ಕಾರುಗಳ ಮಾಪಕಗಳಲ್ಲಿದ್ದ ಬೆಳ್ಳಿಯ ತುಣುಕುಗಳು ಕೆಟ್ಟವು. ಬರಿದಾದ ಟ್ಯಾಂಕುಗಳೂ ತುಂಬಿರುವಂತೆ ಕಂಡವು. ಮಾಪಕವನ್ನು ರೂಪಿಸುವವರು ಈ ಎರಡು ಬಗೆಯ ತಪ್ಪುಗಳಲ್ಲಿ ನಿರಪಾಯವಾದುದನ್ನು ಬುದ್ಧಿಪೂರ್ವಕವಾಗಿಯೇ ಆರಿಸಿಕೊಳ್ಳುತ್ತಾರೆ. ಮುಳ್ಳು ಖಾಲಿಯ ಗುರುತನ್ನು ಮುಟ್ಟಿದಾಗಲೂ ತಳದಲ್ಲಿ ಕೊಂಚ ಪೆಟ್ರೋಲು ಉಳಿದಿರುವಂತೆ ಅದನ್ನು ಹೊಂದಿಸಿರುತ್ತಾರೆ. ಈ ಗುಟ್ಟನ್ನು ಅರಿತ ಸವಾರನು ಅದನ್ನೇ ನೆಚ್ಚಿಕೊಂಡು ಇನ್ನಷ್ಟು ದೂರ ಓಡಿಸುವುದು ಬೇರೆಯ ಮಾತು.

ಎಚ್ಚರಿಕೆಯ ದೀಪದ ಕಾರ್ಯವಿಧಾನ ಇನ್ನೂ ಸ್ವಾರಸ್ಯಕರವಾದುದು. ಕೆಲವು ಗಾಡಿಗಳಲ್ಲಿ ಬುರುಡೆಯೇ ದೀಪವನ್ನೂ ಬೆಳಗಿಸುತ್ತದೆ. ಮತ್ತೆ ಕೆಲವುಗಳಲ್ಲಿ ಟ್ಯಾಂಕಿನ ತಳದ ಬಳಿ ಥರ್ಮಿಸ್ಟರ್ ಎಂಬ ಚಿಕ್ಕ ಬಿಲ್ಲೆಯನ್ನು ಇಟ್ಟಿರುತ್ತಾರೆ. ತಣ್ಣಗಿರುವಾಗ ಅದು ವಿದ್ಯುತ್ತಿಗೆ ಹೆಚ್ಚು ತಡೆಯೊಡ್ಡುತ್ತದೆ. ಬಿಸಿಯಾದಂತೆ ತಡೆ ಕಡಿಮೆಯಾಗುತ್ತದೆ. ಪೆಟ್ರೋಲಿನಲ್ಲಿ ಮುಳುಗಿರುವವರೆಗೆ ಅದರ ಶಾಖವನ್ನು ಪೆಟ್ರೋಲು ಹೀರಿಕೊಳ್ಳುವುದರಿಂದ ದೀಪ ಬೆಳಗದು. ಮಟ್ಟವು ಇಳಿದು ಬಿಲ್ಲೆಯು ಹೊರಬಂದಾಗ ಅದರಲ್ಲಿ ಹರಿಯುವ ಅಲ್ಪ ಪ್ರವಾಹವೇ ಅದನ್ನು ಮೆಲ್ಲಗೆ ಬಿಸಿಮಾಡಿ ದೀಪವನ್ನು ಬೆಳಗಿಸುತ್ತದೆ. ಈ ವಿಳಂಬದಿಂದ ಪ್ರಯೋಜನವುಂಟು: ತಿರುವಿನಲ್ಲೊಮ್ಮೆ ಪೆಟ್ರೋಲು ಪಕ್ಕಕ್ಕೆ ಸರಿದ ಮಾತ್ರಕ್ಕೆ ದೀಪ ಮಿನುಗುವುದಿಲ್ಲ. ಘಟ್ಟದ ದೀರ್ಘವಾದ ಏರಿನಲ್ಲಾದರೋ ಅದು ಬೆಳಗಿ, ಇಳಿಜಾರಿನಲ್ಲಿ ಆರಿಹೋಗಬಹುದು. ಆರಿತೆಂದ ಮಾತ್ರಕ್ಕೆ ಪೆಟ್ರೋಲು ಹೆಚ್ಚಿತೆಂದು ಭಾವಿಸಲಾಗದು.

ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಹೊಗೆಗೆ ಸಂಬಂಧಿಸಿದ ‘ಭಾರತ್ ಸ್ಟೇಜ್ 6’ ನಿಯಮಗಳು ಜಾರಿಗೆ ಬಂದವು. ಹೊಸ ಮೋಟಾರ್ ಸೈಕಲ್ಲುಗಳಲ್ಲಿ ಬಹುಪಾಲು ಕಾರ್ಬ್ಯುರೇಟರನ್ನು ಬಿಟ್ಟು ಪಂಪಿನ ಮೂಲಕ ಪೆಟ್ರೋಲನ್ನು ಚಿಮ್ಮಿಸುವ ವಿಧಾನಕ್ಕೆ ಬದಲಾದವು. ಅದರೊಂದಿಗೆ ರಿಸರ್ವ್ ಟ್ಯಾಪೂ ಮರೆಯಾಯಿತು. ಟ್ಯಾಂಕಿನೊಳಗೇ ಇರುವ ಈ ಪಂಪನ್ನು ತಣ್ಣಗಿಡುವುದು ಸುತ್ತಲಿನ ಪೆಟ್ರೋಲೇ ಆದುದರಿಂದ, ಪದೇ ಪದೇ ಕೊನೆಯ ಹನಿಯವರೆಗೆ ಓಡಿಸಿದರೆ ಪಂಪು ಕಾದು ಅದರ ಆಯುಸ್ಸು ಕುಂದುತ್ತದೆ. ಹಿಂದೆ ಮರೆತವನಿಗೆ ತಳ್ಳುವ ಶ್ರಮವಷ್ಟೇ. ಈಗ ದುರಸ್ತಿಯ ವೆಚ್ಚವೂ ಸೇರಬಹುದು.

ಅನುಭವಿಗಳು ಮುಳ್ಳಿಗಿಂತ ಹೆಚ್ಚಾಗಿ ನಂಬುವುದು ದೂರವನ್ನು. ಟ್ಯಾಂಕು ತುಂಬಿಸಿದಾಗಲೆಲ್ಲ ಟ್ರಿಪ್ ಮೀಟರನ್ನು ಸೊನ್ನೆಗೆ ತಿರುಗಿಸುತ್ತಾರೆ. ದೀಪ ಬೆಳಗಿದೊಡನೆ ಒಮ್ಮೆ ಬಂಕಿಗೆ ಹೋಗಿ ಪೂರ್ತಿ ತುಂಬಿಸುತ್ತಾರೆ. 15 ಲೀಟರಿನ ಟ್ಯಾಂಕು 12 ಲೀಟರು ಹಿಡಿಸಿದರೆ, ದೀಪ ಬೆಳಗಿದಾಗ 3 ಲೀಟರು ಉಳಿದಿತ್ತೆಂದು ಲೆಕ್ಕ. ಲೀಟರಿಗೆ 30 ಕಿಲೋಮೀಟರು ಓಡುವ ಗಾಡಿ ಅಷ್ಟರಲ್ಲಿ 90 ಕಿಲೋಮೀಟರು ಹೋಗಬಲ್ಲುದಾದರೂ ಜಾಣನಾದವನು 60ಕ್ಕೇ ನಿಲ್ಲಿಸುತ್ತಾನೆ.

ಈ ಲೆಕ್ಕದ ಬೆಲೆ ತಿಳಿಯುವುದು ಹಿಮಾಲಯದ ದಾರಿಯಲ್ಲಿ. ಮನಾಲಿಯಿಂದ ಲೇಹ್‌ಗೆ ಹೋಗುವ ಹೆದ್ದಾರಿಯಲ್ಲಿ, ಲಾಹೌಲ್ ಕಣಿವೆಯ ತಾಂಡಿ ಎಂಬಲ್ಲಿನ ಪೆಟ್ರೋಲ್ ಬಂಕಿನ ಬಳಿ, ಮುಂದಿನ ಬಂಕು 365 ಕಿಲೋಮೀಟರು ದೂರದಲ್ಲಿದೆಯೆಂದು ಸಾರುವ ಫಲಕವು ಸವಾರರಲ್ಲಿ ಹೆಸರಾಯಿತು. ಲೀಟರಿಗೆ 30 ಕಿಲೋಮೀಟರಿನಂತೆ ಆ ದೂರಕ್ಕೆ 12 ಲೀಟರಿಗಿಂತ ತುಸು ಹೆಚ್ಚು ಸಾಕು. ಎತ್ತರದ ಕಣಿವೆಮಾರ್ಗಗಳನ್ನು ಹತ್ತುವಾಗ ಅದು 25ಕ್ಕೆ ಇಳಿಯಿತೆಂದರೆ ಬೇಕಾಗುವುದು 14.6 ಲೀಟರು, 15 ಲೀಟರಿನ ಟ್ಯಾಂಕಿನಲ್ಲಿ ಉಳಿಯುವುದು ಅರ್ಧ ಲೀಟರಿಗೂ ಕಡಿಮೆ. ಮುಳ್ಳು ಏನನ್ನೇ ತೋರಿಸಲಿ, ಆ ದಾರಿಯಲ್ಲಿ ಸವಾರರು ಗಾಡಿಯ ಬದಿಗೆ ಪೆಟ್ರೋಲಿನ ಕ್ಯಾನೊಂದನ್ನು ಬಿಗಿದುಕೊಂಡೇ ಹೊರಡುತ್ತಾರೆ.